ದೊಡ್ಡ ಚಿತ್ರಕ್ಕೆ ದಪ್ಪ ಮೌಂಟ್: ಓರೆ ಅಂಚಿನ ಕೆಲಸ ಯಾಕೆ, ಹೇಗೆ?

ಮೊದಲೆಲ್ಲ ನಮ್ಮ ಕಡೆ ಕಟ್ಟು ಹಾಕಿಸುವ ಚಿತ್ರ ಅಂದರೆ ದೇವರ ಪಟ, ಅಜ್ಜ-ಅಜ್ಜಿಯ ಫೋಟೋ, ಮದುವೆಯ ಫೋಟೋ ಅಷ್ಟೇ. ಹೆಚ್ಚೆಂದರೆ ಒಂದೂವರೆ ಅಡಿ ಇರುತ್ತಿತ್ತು. ಈಗ ಹೋಂಸ್ಟೇಯ ಜಗಲಿಗೆ ಮೂರು ಅಡಿಯ ಯಕ್ಷಗಾನದ ಫೋಟೋ ಬೇಕು. ಹೊಸ ಮನೆಯ ಹಾಲ್‌ಗೆ ಹಸೆ ಚಿತ್ತಾರ (ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರ) ಬೇಕು, ಅದೂ ಸೋಫಾದಷ್ಟು ಅಗಲದ್ದು. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ನೋಡಿ ಬಂದವರಿಗೆ ಅಂಥದ್ದೇ ಒಂದು ಕಾಗದದ ಮೇಲೆ ಬರೆಸಿ ಮನೆಯಲ್ಲಿ ಹಾಕುವ ಆಸೆ.

ದೊಡ್ಡದಾಗಿ ಪ್ರಿಂಟ್ ಹಾಕಿಸುವುದು ಈಗ ಕಷ್ಟವಲ್ಲ. ತೊಡಕು ಶುರುವಾಗುವುದು ಫ್ರೇಮ್ ಅಂಗಡಿಯಲ್ಲಿ. "ಇಷ್ಟು ದೊಡ್ಡದಕ್ಕೆ ಮೌಂಟ್ ಬೋರ್ಡ್ ಸಿಗಲ್ಲ, ಹಾಗೇ ಗಾಜು ಹಾಕಿ ಕೊಡ್ತೇನೆ" ಅನ್ನುತ್ತಾರೆ. ನಾವೂ ಸರಿ ಅಂದು ಬರುತ್ತೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಅಲ್ಲಲ್ಲಿ ಗಾಜಿಗೆ ಅಂಟಿರುತ್ತದೆ, ಮೂಲೆಯಲ್ಲಿ ಬೂಸ್ಟು ಬಂದಿರುತ್ತದೆ. ಆ ಮೌಂಟ್ ಅನ್ನುವುದು ಏನು, ದೊಡ್ಡ ಚಿತ್ರಕ್ಕೆ ಅದು ಯಾಕೆ ದಪ್ಪ ಇರಬೇಕು, ದಪ್ಪದ್ದನ್ನು ಮಾಡುವುದು ಹೇಗೆ ಅಂತ ಬುಡದಿಂದ ನೋಡೋಣ.

ಮೌಂಟ್ ಅಂದರೆ ಏನು?

ಚಿತ್ರಕ್ಕೂ ಮರದ ಕಟ್ಟಿಗೂ ನಡುವೆ ಸುತ್ತಲೂ ಕಾಣುವ ಬಿಳಿ ಅಥವಾ ಕೆನೆ ಬಣ್ಣದ ಅಗಲ ಪಟ್ಟಿಯೇ ಮೌಂಟ್. ನೋಡಲು ಪಟ್ಟಿ, ನಿಜದಲ್ಲಿ ಒಂದೇ ಹಾಳೆ. ನಡುವೆ ಚೌಕವಾದ ಕಿಂಡಿ ಕೊರೆದಿರುತ್ತಾರೆ. ಚಿತ್ರ ಆ ಕಿಂಡಿಯ ಹಿಂದೆ ಕೂರುತ್ತದೆ.

ಕಿಂಡಿಯ ಅಂಚನ್ನು ಹತ್ತಿರದಿಂದ ನೋಡಿ. ನೇರವಾಗಿ ಕತ್ತರಿಸಿರುವುದಿಲ್ಲ, 45 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಬೋರ್ಡಿನ ಒಳಗಿನ ಬಿಳಿ ಭಾಗ ಒಂದು ತೆಳು ಗೆರೆಯಾಗಿ ಚಿತ್ರದ ಸುತ್ತ ಕಾಣುತ್ತದೆ. ಅದೇ ಓರೆ ಅಂಚು. ಕಿಂಡಿ ಮುಂಭಾಗದಲ್ಲಿ ಸ್ವಲ್ಪ ದೊಡ್ಡದು, ಹಿಂಭಾಗದಲ್ಲಿ ಸ್ವಲ್ಪ ಚಿಕ್ಕದು. ನಡುವಿನ ಇಳಿಜಾರು ನಮ್ಮ ಕಣ್ಣನ್ನು ಚಿತ್ರದ ಕಡೆ ಇಳಿಸುತ್ತದೆ.

ಮೌಂಟ್ ಬೋರ್ಡಿನ ದಪ್ಪವನ್ನು ಪ್ಲೈ ಲೆಕ್ಕದಲ್ಲಿ ಹೇಳುತ್ತಾರೆ. ಇದಕ್ಕೂ ಪ್ಲೈವುಡ್ಡಿಗೂ ಸಂಬಂಧವಿಲ್ಲ, ಕಾಗದದ ಪದರಗಳ ಲೆಕ್ಕ ಅದು. ಸಾಮಾನ್ಯ ಬೋರ್ಡ್ 4 ಪ್ಲೈ, ಅಂದರೆ ಸುಮಾರು 1.5 ಮಿ.ಮೀ. ದಪ್ಪ. 8 ಪ್ಲೈ ಅಂದರೆ ಸುಮಾರು 3 ಮಿ.ಮೀ. ಹಾಳೆಯ ಮಾಮೂಲಿ ಅಳತೆ 32×40 ಇಂಚು. ಅದಕ್ಕಿಂತ ದೊಡ್ಡದು ಬೇಕೆಂದರೆ 40×60 ಇಂಚಿನದು ಬರುತ್ತದೆ, ಆದರೆ ಎಲ್ಲ ಅಂಗಡಿಯಲ್ಲಿ ಇಟ್ಟಿರುವುದಿಲ್ಲ.

ದೊಡ್ಡದಕ್ಕೆ ದಪ್ಪ ಯಾಕೆ ಬೇಕು?

ಚೆಂದಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಚೆಂದವೂ ಹೌದು. ಘಟ್ಟದ ಮೇಲಿನ ಹಳೇ ಮಣ್ಣುಗೋಡೆಯ ಮನೆಯ ಕಿಟಕಿಯನ್ನೂ ಈಗಿನ ನಾಲ್ಕಿಂಚು ಗೋಡೆಯ ಕಿಟಕಿಯನ್ನೂ ಹೋಲಿಸಿ ನೋಡಿ. ಹಳೇ ಕಿಟಕಿಗೆ ಒಂದು ಆಳವಿದೆ. ಅದರಿಂದ ಕಾಣುವ ತೋಟ ದೂರದಲ್ಲಿ, ತನ್ನ ಪಾಡಿಗೆ ತಾನು ಇದ್ದಂತೆ ಕಾಣುತ್ತದೆ. ದಪ್ಪ ಮೌಂಟ್ ಚಿತ್ರಕ್ಕೆ ಮಾಡುವುದು ಅದನ್ನೇ.

ಇದಕ್ಕೆ ಲೆಕ್ಕವೂ ಇದೆ. ಮೂರು ಮೀಟರ್ ದೂರದಿಂದ ಒಳ್ಳೆಯ ಕಣ್ಣು ಬೇರೆಬೇರೆ ಅಂತ ಗುರುತಿಸಬಲ್ಲ ಅಂತರ ಹೆಚ್ಚುಕಮ್ಮಿ 1 ಮಿ.ಮೀ. ಸಾಮಾನ್ಯ ಬೋರ್ಡಿನ ಓರೆ ಅಂಚು ಎದುರಿನಿಂದ 1.5 ಮಿ.ಮೀ. ಮಾತ್ರ ಕಾಣುತ್ತದೆ. ಸಣ್ಣ ಚಿತ್ರವನ್ನು ನಾವು ಹತ್ತಿರ ಹೋಗಿ ನೋಡುತ್ತೇವೆ, ಅಲ್ಲಿ ಅಷ್ಟು ಸಾಕು. ನಾಲ್ಕು ಅಡಿಯ ಚಿತ್ರವನ್ನು ನೋಡುವುದು ಕೋಣೆಯ ಆಚೆ ಬದಿಯಿಂದ. ಅಲ್ಲಿಂದ ಆ ಗೆರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 6 ಮಿ.ಮೀ. ದಪ್ಪವಾದರೆ ಎದುರಿನಿಂದ 6 ಮಿ.ಮೀ. ಕಾಣುತ್ತದೆ, ಇಳಿಜಾರಿನ ಮೈಯ ಅಗಲ ಸುಮಾರು 8.5 ಮಿ.ಮೀ. ಆಗುತ್ತದೆ. ಮೇಲಿನಿಂದ ಬೆಳಕು ಬಿದ್ದಾಗ ಮೇಲಂಚು ನೆರಳಾಗಿ, ಕೆಳ ಅಂಚು ಹೊಳೆದು ಕಾಣುತ್ತದೆ. ಆಳ ಗೊತ್ತಾಗುವುದು ಈ ನೆರಳು-ಬೆಳಕಿನಿಂದ.

ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಚೆಂದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅದು ಮಳೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುತ್ತದೆ, ಕೆಲವು ಕಡೆ ಇನ್ನೂ ಜಾಸ್ತಿ. ಜುಲೈನಲ್ಲಿ ಗಾಳಿಯ ತೇವ ಶೇ. 85-90ರ ಆಸುಪಾಸಿನಲ್ಲೇ ಇರುತ್ತದೆ. ಬೂಸ್ಟು ಬೆಳೆಯಲು ಶೇ. 70 ದಾಟಿ ಕೆಲ ದಿನ ನಿಂತರೆ ಸಾಕು.

ಕಾಗದ ತೇವ ಹೀರಿದರೆ ಹಿಗ್ಗುತ್ತದೆ. ಸಣ್ಣ ಕಾಗದ ಹಿಗ್ಗಿದ್ದು ಗೊತ್ತಾಗುವುದಿಲ್ಲ. ಮೂರು ಅಡಿಯ ಕಾಗದ ಹಿಗ್ಗಿದರೆ ಅಲೆ ಅಲೆಯಾಗಿ ಏಳುತ್ತದೆ, ಅಲೆಯ ತುದಿ ಎರಡು-ಮೂರು ಮಿ.ಮೀ. ಮುಂದೆ ಬರುತ್ತದೆ. ಮೌಂಟ್ 1.5 ಮಿ.ಮೀ. ಇದ್ದರೆ ಆ ತುದಿ ನೇರವಾಗಿ ಗಾಜಿಗೆ ತಾಗುತ್ತದೆ. ಗಾಜಿನ ಒಳಗೆ ಹನಿಗಟ್ಟಿದರಂತೂ ಮುಗಿಯಿತು. ಹಳೇ ಫೋಟೋಗಳ ಮೇಲೆ ಜೆಲಾಟಿನ್ ಪದರ ಇರುತ್ತದೆ. ಅದು ಒದ್ದೆಯಾಗಿ ಗಾಜಿಗೆ ಅಂಟಿ ಒಣಗಿದರೆ ಬಿಡಿಸುವುದು ಬಹಳ ಕಷ್ಟ. ಎಳೆದರೆ ಮುಖವೇ ಕಿತ್ತು ಬರುತ್ತದೆ.

ಹಸೆ ಚಿತ್ತಾರದ ಕತೆ ಇನ್ನೂ ನಾಜೂಕು. ಅದರ ಬಿಳಿ ಬಣ್ಣ ಅಕ್ಕಿಹಿಟ್ಟಿನದು, ಕಪ್ಪು ಹುರಿದ ಅಕ್ಕಿಯದು, ಕೆಂಪು ಕೆಮ್ಮಣ್ಣಿನದು. ಅಕ್ಕಿ ಅಂದರೆ ಬೂಸ್ಟಿಗೂ ಊಟ, ಹಳೇ ಪುಸ್ತಕದಲ್ಲಿ ಸರಕ್ಕನೆ ಓಡುವ ಆ ಬೆಳ್ಳಿ ಬಣ್ಣದ ಹುಳಕ್ಕೂ ಊಟ. ಅಂಥ ಚಿತ್ರಕ್ಕೂ ಗಾಜಿಗೂ ನಡುವೆ ಗಾಳಿಯಾಡುವ ಜಾಗ ಇರಲೇಬೇಕು. ಆ ಜಾಗ ಕೊಡುವುದು ಮೌಂಟಿನ ದಪ್ಪ.

ಮೊದಲು ಅಳತೆ

ಒಂದು ಉದಾಹರಣೆ ಹಿಡಿದು ಹೋಗೋಣ. ಚಿತ್ರ 30×40 ಇಂಚು ಅಂದುಕೊಳ್ಳಿ.

ಕಿಂಡಿ ಚಿತ್ರಕ್ಕಿಂತ ಸ್ವಲ್ಪ ಚಿಕ್ಕದಿರಬೇಕು, ಇಲ್ಲದಿದ್ದರೆ ಚಿತ್ರ ಕಿಂಡಿಯಿಂದ ಹೊರಗೆ ಬೀಳುತ್ತದೆ. ಪ್ರತಿ ಬದಿಗೆ ಕಾಲು ಇಂಚು ಒಳಗೆ ತೆಗೆದುಕೊಂಡರೆ ಕಿಂಡಿ 29.5×39.5 ಇಂಚು. ಇದು ಹಿಂಭಾಗದ ಅಳತೆ ಅನ್ನುವುದು ನೆನಪಿರಲಿ. ಮೌಂಟ್ 6 ಮಿ.ಮೀ. ದಪ್ಪ ಇದ್ದರೆ ಮುಂಭಾಗದಲ್ಲಿ ಕಿಂಡಿ ಎರಡೂ ದಿಕ್ಕಿಗೆ ಒಟ್ಟು 12 ಮಿ.ಮೀ. ದೊಡ್ಡದಾಗುತ್ತದೆ. ತೆಳು ಬೋರ್ಡಿನಲ್ಲಿ ಈ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಪ್ಪದ್ದರಲ್ಲಿ ಹಿಡಿಯದಿದ್ದರೆ ಅರ್ಧ ಇಂಚು ತಪ್ಪುತ್ತದೆ.

ಸುತ್ತಲ ಪಟ್ಟಿ ಮೂರು ಬದಿಗೆ 5 ಇಂಚು, ಕೆಳಗೆ 6 ಇಂಚು ಇಡೋಣ. ನಾಲ್ಕೂ ಕಡೆ ಒಂದೇ ಅಗಲ ಇಟ್ಟರೆ ಗೋಡೆಯ ಮೇಲೆ ಚಿತ್ರ ಸ್ವಲ್ಪ ಕೆಳಗೆ ಜಾರಿದಂತೆ ಕಾಣುತ್ತದೆ, ಅದಕ್ಕೆ ಕೆಳಗೆ ಜಾಸ್ತಿ ಬಿಡುವ ರೂಢಿ. ಹೀಗೆ ಮೌಂಟಿನ ಹೊರ ಅಳತೆ 39.5×50.5 ಇಂಚು ಆಯಿತು. 32×40ರ ಹಾಳೆಯಲ್ಲಿ ಇದು ಹಿಡಿಸುವುದಿಲ್ಲ. ಅಂಗಡಿಯವರು ಸುಮ್ನೆ ನೆಪ ಹೇಳಿದ್ದಲ್ಲ ಅಂತ ಈಗ ಗೊತ್ತಾಯಿತು ಅಲ್ವಾ?

ದಾರಿ ಒಂದು: ದಪ್ಪ ಬೋರ್ಡನ್ನೇ ತರಿಸಿ ಕತ್ತರಿಸುವುದು

ಎಲ್ಲಕ್ಕಿಂತ ಅಚ್ಚುಕಟ್ಟಾದ ಕೆಲಸ ಇದು. 8 ಪ್ಲೈ, 40×60 ಇಂಚಿನ ಹತ್ತಿಯ ಬೋರ್ಡ್ ತರಿಸಿದರೆ ಎಲ್ಲೂ ಜೋಡಣೆ ಇರುವುದಿಲ್ಲ. ಒಳಗೂ ಹೊರಗೂ ಒಂದೇ ಬಿಳಿ, ಓರೆ ಅಂಚು ಬೆಣ್ಣೆ ಬಣ್ಣದಲ್ಲಿ ನಿಲ್ಲುತ್ತದೆ. ತೊಂದರೆ ಎರಡು. ಬೆಲೆ ಜಾಸ್ತಿ. ಇನ್ನೊಂದು, ಸುತ್ತಲೂ ಬಾರದ, ಮಡಚಲೂ ಬಾರದ ಐದು ಅಡಿಯ ಹಾಳೆ ದೂರದ ಪೇಟೆಯಿಂದ ಬಂದು ಮೂಲೆ ಮುರಿಯದೆ ಶಿರಸಿಗೋ ಕುಮಟಾಕ್ಕೋ ಇಳಿಯಬೇಕು. ಎರಡು ಪ್ಲೈವುಡ್ ತುಂಡುಗಳ ನಡುವೆ ಕಟ್ಟಿಸಿ ತರಿಸುವುದು ಒಳ್ಳೆಯದು.

ಕತ್ತರಿಸುವುದು ಹಿಂಬದಿಯಿಂದ. ಹಿಂದೆ ಪೆನ್ಸಿಲ್ಲಿನಲ್ಲಿ ಕಿಂಡಿಯ ಗೆರೆ ಎಳೆದು, 45 ಡಿಗ್ರಿ ಓರೆ ಹಿಡಿದಿರುವ ಕಟರನ್ನು ಉದ್ದ ಪಟ್ಟಿಗೆ ತಾಗಿಸಿ ಎಳೆಯುತ್ತಾರೆ. ಬ್ಲೇಡ್ ಹಿಂದಿನ ಗೆರೆಯಲ್ಲಿ ಒಳಗೆ ಹೋಗಿ, ಮುಂಭಾಗದಲ್ಲಿ ಬೋರ್ಡಿನ ದಪ್ಪದಷ್ಟೇ ಆಚೆ ಹೊರಬರುತ್ತದೆ. ಹಾಗಾಗಿ ಮೂಲೆಯಲ್ಲಿ ಗೆರೆ ಮುಗಿಯುವಲ್ಲೇ ಕೈ ನಿಲ್ಲಿಸಿದರೆ ಮುಂಭಾಗದಲ್ಲಿ ಮೂಲೆ ಕತ್ತರಿಸಿರುವುದಿಲ್ಲ. ಗೆರೆಯನ್ನು ದಾಟಿ ಸುಮಾರು ಬೋರ್ಡಿನ ದಪ್ಪದಷ್ಟು ಮುಂದೆ ಹೋಗಬೇಕು. 4 ಪ್ಲೈಗೆ ಒಂದೂವರೆ ಮಿ.ಮೀ. ದಾಟಿದರೆ ಸಾಕು, 8 ಪ್ಲೈಗೆ ಮೂರು. ಎಷ್ಟು ದಾಟಬೇಕು ಅನ್ನುವುದನ್ನು ಅದೇ ಬೋರ್ಡಿನ ಚೂರಿನ ಮೇಲೆ ನೋಡಿಕೊಂಡೇ ಮುಂದುವರಿಯಬೇಕು.

ದಪ್ಪ ಬೋರ್ಡಿನ ನಿಜವಾದ ಶತ್ರು ಬ್ಲೇಡಿನ ಬಾಗು. ದಪ್ಪಕ್ಕೆ ತಕ್ಕಂತೆ ಬ್ಲೇಡನ್ನು ಹೊರಗೆ ಜಾಸ್ತಿ ಚಾಚಬೇಕು. ಚಾಚಿದ ಬ್ಲೇಡ್ ಒತ್ತಡಕ್ಕೆ ಬಾಗುತ್ತದೆ. ಆಗ ಓರೆ ಸಪಾಟಾಗಿ ಬರುವುದಿಲ್ಲ. ಮೂಲೆಯ ಹತ್ತಿರ ಕೊಕ್ಕೆಯ ಹಾಗೆ ಒಳಗೆ ತಿರುಗುತ್ತದೆ. ಒಂದೇ ಏಟಿಗೆ ಕತ್ತರಿಸಲು ಹೋದವರಿಗೆಲ್ಲ ಆಗುವುದು ಇದೇ. ಉಪಾಯ ಇಷ್ಟು: ಬ್ಲೇಡನ್ನು ಮೊದಲು ಕಮ್ಮಿ ಚಾಚಿ ಒಂದು ಸಲ, ಆಮೇಲೆ ಪೂರ್ತಿ ಚಾಚಿ ಇನ್ನೊಂದು ಸಲ, ಹೀಗೆ ಎರಡು-ಮೂರು ಸಲಕ್ಕೆ ಇಳಿಸುವುದು. ಪ್ರತಿ ಬದಿಗೂ ಹೊಸ ಬ್ಲೇಡ್. ಕತ್ತರಿಸುವಾಗ ಕೆಳಗೆ ಹಾಸಲು ಬೇಡದ ಬೋರ್ಡಿನ ಉದ್ದ ತುಂಡು. ನಲವತ್ತು ಇಂಚು ಎಳೆಯುವಾಗ ಪಟ್ಟಿಯ ನಡುಭಾಗ ಜರುಗುತ್ತದೆ, ಅದಕ್ಕೆ ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ ನಡುವೆ ಇನ್ನೊಬ್ಬರು ಒತ್ತಿ ಹಿಡಿಯಬೇಕು.

ದಾರಿ ಎರಡು: ತೆಳು ಬೋರ್ಡನ್ನು ಎತ್ತರಿಸುವುದು

4 ಪ್ಲೈ ಬೋರ್ಡಿನಲ್ಲೇ ಕಿಂಡಿ ಕೊರೆದು, ಅದರ ಹಿಂದೆ ಕಣ್ಣಿಗೆ ಕಾಣದಂತೆ 5 ಮಿ.ಮೀ. ಫೋಮ್ ಬೋರ್ಡಿನ ಪಟ್ಟಿಗಳನ್ನು ಅಂಟಿಸುವುದು ಸುಲಭದ ದಾರಿ. ಚಿತ್ರ ಗಾಜಿನಿಂದ ಆರೂವರೆ ಮಿ.ಮೀ. ಹಿಂದೆ ಹೋಗುತ್ತದೆ, ನೆರಳೂ ಬೀಳುತ್ತದೆ. ಆದರೆ ಓರೆ ಅಂಚು ಮಾತ್ರ ಅದೇ ತೆಳು ಗೆರೆ. ಪಕ್ಕದಿಂದ ಇಣುಕಿದರೆ ಕೆಳಗಿನ ಟೊಳ್ಳು ಕಾಣುತ್ತದೆ. ಕೈಯಲ್ಲಿ ಕಾಸು ಕಮ್ಮಿ ಇದ್ದು, ಚಿತ್ರ ಉಳಿದರೆ ಸಾಕು ಅನ್ನುವವರಿಗೆ ಇದು ಧಾರಾಳ ಸಾಕು.

ನಾಲ್ಕು ತೆಳು ಬೋರ್ಡ್‌ಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಬಾರದೇ ಅಂತ ಕೇಳುವವರಿದ್ದಾರೆ. ಮಾಡಬಹುದು. ಪ್ರತಿ ಪದರದ ಕಿಂಡಿಯೂ ಮೇಲಿನದಕ್ಕಿಂತ ಸರಿಯಾಗಿ 3 ಮಿ.ಮೀ. ಚಿಕ್ಕದಿದ್ದರೆ ಮಾತ್ರ ಇಳಿಜಾರು ಒಂದೇ ಆಗಿ ಕಾಣುತ್ತದೆ. ನಾಲ್ಕು ಅಡಿ ಉದ್ದದಲ್ಲಿ ಅಷ್ಟು ನಿಖರವಾಗಿ ಕೂರಿಸುವುದು ಆಗದ ಮಾತು. ಕಡೆಗೆ ಗೆರೆ ಗೆರೆಯಾಗಿ ಮೆಟ್ಟಿಲು ಕಾಣುತ್ತದೆ.

ದಾರಿ ಮೂರು: ಆಚಾರಿಯ ಕೈಯಲ್ಲಿ ಎಂಡಿಎಫ್ ಮೌಂಟ್

ನಮ್ಮ ಊರುಗಳಿಗೆ ಹೆಚ್ಚು ಹೊಂದುವುದು ಇದೇ ಅಂತ ನನ್ನ ಲೆಕ್ಕ. ಫ್ರೇಮ್ ಅಂಗಡಿಯಲ್ಲಿ ದಪ್ಪ ಬೋರ್ಡ್ ಇಲ್ಲದಿರಬಹುದು. ಒಳ್ಳೆಯ ಮರಗೆಲಸದ ಆಚಾರಿ ಮತ್ತು ಮರದ ಅಂಚು ಕೊರೆಯುವ ಒಂದು ರೂಟರ್ ಯಂತ್ರ ಮಾತ್ರ ಘಟ್ಟದ ಮೇಲೂ ಕೆಳಗೂ ಎಲ್ಲ ಪೇಟೆಯಲ್ಲಿ ಸಿಗುತ್ತದೆ. ಎಂಡಿಎಫ್ ಅಂದರೆ ಮರದ ನುಣ್ಣನೆ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಎಳೆ ಇಲ್ಲದ್ದರಿಂದ ಓರೆ ಅಂಚು ಸೀಳದೆ ಬರುತ್ತದೆ. 8×4 ಅಡಿಯ ಶೀಟ್ ಸಿಗುವುದರಿಂದ ನಮ್ಮ 39.5×50.5 ಇಂಚಿನ ಮೌಂಟ್ ಒಂದೇ ತುಂಡಿನಲ್ಲಿ ಬರುತ್ತದೆ. 6 ಮಿ.ಮೀ. ದಪ್ಪ ಸಾಕು.

ಒಂದೇ ತುಂಡಿನಲ್ಲಿ ಮಾಡುವುದಾದರೆ ಮೊದಲು ಕಿಂಡಿಯ ಗೆರೆಗಿಂತ ಒಂಚೂರು ಒಳಗೆ ಜಿಗ್‌ಸಾದಿಂದ ಒರಟಾಗಿ ಕತ್ತರಿಸುತ್ತಾರೆ. ಆಮೇಲೆ ಉದ್ದ ಪಟ್ಟಿಯನ್ನು ಆಧಾರವಾಗಿ ಕಟ್ಟಿ ರೂಟರಿನಿಂದ ಅಂಚನ್ನು ನೇರ ಮಾಡುತ್ತಾರೆ. ಕೊನೆಗೆ 45 ಡಿಗ್ರಿಯ ಬಿಟ್ (ಯಂತ್ರದ ಕೊರೆಯುವ ಮೊನೆ) ಹಾಕಿ ಓರೆ ತೆಗೆಯುತ್ತಾರೆ. ತಿರುಗುವ ಬಿಟ್ ಅಲ್ವಾ, ಅದು ನಾಲ್ಕೂ ಒಳಮೂಲೆಗಳನ್ನು ದುಂಡಗೆ ಬಿಡುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದು ಉಳಿಯದು. ಎರಡು ಇಳಿಜಾರುಗಳು ಕೂಡುವ ಜಾಗದಲ್ಲಿ ಮುಂಭಾಗದ ಮೂಲೆಯಿಂದ ಹಿಂಭಾಗದ ಮೂಲೆಗೆ ಒಂದು ಚೂಪು ಗೆರೆ ಬರುವ ತನಕ ಹರಿತವಾದ ಉಳಿಯಿಂದ ಕೆರೆದು ತೆಗೆಯಬೇಕು. ದಪ್ಪ ಮೌಂಟಿನಲ್ಲಿ ಎಲ್ಲರ ಕಣ್ಣು ಹೋಗುವುದು ಆ ಗೆರೆಗೇ. ಅದು ಮೊಂಡಾದರೆ ಉಳಿದ ಕೆಲಸವೆಲ್ಲ ಪೇಲವ. ಚಂದನದ ಕೆತ್ತನೆಗೆ ಹೆಸರಾದ ಗುಡಿಗಾರರ ನಾಡಿದು, ಉಳಿ ಹಿಡಿಯಬಲ್ಲ ಕೈಗೆ ಇಲ್ಲಿ ಬರವಿಲ್ಲ.

ಶೀಟ್ ದಂಡವಾಗಬಾರದು ಅನ್ನುವವರು ಪಟ್ಟಿಗಳಿಂದ ಜೋಡಿಸಬಹುದು. ನಾಲ್ಕು ಪಟ್ಟಿಗೆ ಮೊದಲೇ ಓರೆ ತೆಗೆದು, ತುದಿಗಳನ್ನು 45 ಡಿಗ್ರಿಗೆ ಕತ್ತರಿಸಿ ಮರದ ಕಟ್ಟಿನಂತೆಯೇ ಕೂಡಿಸುವುದು. ಒಳಮೂಲೆ ತಾನಾಗಿ ಚೂಪಾಗಿ ಬರುತ್ತದೆ. ಇಲ್ಲಿ ಒಂದು ತೊಡಕಿದೆ. ಕೆಳಪಟ್ಟಿ 6 ಇಂಚು, ಉಳಿದವು 5 ಇಂಚು ಇದ್ದರೆ ಮೂಲೆ 45 ಡಿಗ್ರಿಗೆ ಕೂಡುವುದಿಲ್ಲ. ಅದಕ್ಕೆ ನಾಲ್ಕನ್ನೂ 6 ಇಂಚು ಅಗಲ ಮಾಡಿ ಕೂಡಿಸಿ, ಅಂಟು ಒಣಗಿದ ಮೇಲೆ ಮೂರು ಬದಿಯಿಂದ ಒಂದೊಂದು ಇಂಚು ಕತ್ತರಿಸಿಬಿಡಬೇಕು. ಹೀಗೆ ಮಾಡಿದರೆ ಒಂದು 8×4 ಶೀಟಿನಲ್ಲಿ ಇಂಥ ಮೂರು ಮೌಂಟ್ ಆಗುತ್ತವೆ. ಜೋಡಣೆಯ ಗೆರೆ ಮಾತ್ರ ಕಾಣುತ್ತದೆ, ಆದ್ದರಿಂದ ಮೇಲೆ ಬಟ್ಟೆ ಹೊದಿಸಲೇಬೇಕು.

ಯಾವ ರೀತಿ ಮಾಡಿದರೂ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ. ನಮ್ಮ ಅಳತೆಗೆ ಎರಡೂ ಕಡೆ ಸುಮಾರು 64 ಇಂಚು, ಒಂದಕ್ಕೊಂದು ಸಮ ಬರಬೇಕು. ಸಮ ಇಲ್ಲ ಅಂದರೆ ಚೌಕ ಓರೆಯಾಗಿದೆ ಅಂತ ಅರ್ಥ. ಎಂಡಿಎಫ್ ಧೂಳು ಬಹಳ ಸಣ್ಣ, ಮೂಗಿಗೆ ಮಾಸ್ಕ್ ಇಲ್ಲದೆ ಕೆಲಸ ಬೇಡ.

ಎಂಡಿಎಫ್ ಬದಲು ಸನ್‌ಬೋರ್ಡ್ ಆಗಬಹುದಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಗುರ, ನೀರಿಗೆ ಊದುವುದಿಲ್ಲ, ಎಲ್ಲ ಸರಿ. ಆದರೆ ಅದು ಪಿವಿಸಿ ಪ್ಲಾಸ್ಟಿಕ್. ಕಾಲ ಕಳೆದಂತೆ ಆಮ್ಲದ ಆವಿ ಬಿಡುತ್ತದೆ. ಇನ್ನೊಂದು ಪ್ರತಿ ತೆಗೆಸಬಹುದಾದ ಪ್ರಿಂಟಿಗೆ ಆಗಬಹುದು, ಕೈಯಿಂದ ಬರೆದ ಚಿತ್ರಕ್ಕೆ ಬೇಡ.

ಬಟ್ಟೆ ಹೊದಿಸುವಾಗ ಮೂಲೆಯ ಲೆಕ್ಕ

ಎಂಡಿಎಫ್ ಮೌಂಟಿಗೆ ಪ್ರೈಮರ್ ಹೊಡೆದು, ಸ್ಯಾಂಡ್‌ಪೇಪರ್ ಉಜ್ಜಿ, ಹೊಳಪಿಲ್ಲದ ಪೇಂಟ್ ಕೊಟ್ಟರೂ ಆಯಿತು. ಚೆಂದ ಕಾಣುವುದು ಮಾತ್ರ ಬಟ್ಟೆ. ಬಣ್ಣ ಹಾಕದ ಹತ್ತಿ ಬಟ್ಟೆ ಅಥವಾ ಲಿನನ್, ಒಗೆದು ಇಸ್ತ್ರಿ ಮಾಡಿದ್ದು.

ಬಟ್ಟೆಯನ್ನು ಮೌಂಟಿನ ಮುಖದ ಮೇಲೆ ಹಾಸಿ ಅಂಟಿಸಿ, ಕಿಂಡಿಯ ಮೇಲಿನ ಬಟ್ಟೆಯನ್ನು ಪ್ರತಿ ಮೂಲೆಯಿಂದ 45 ಡಿಗ್ರಿ ಓರೆಯಾಗಿ ಒಳಕ್ಕೆ ಕತ್ತರಿಸಿ, ನಾಲ್ಕು ಕಿವಿಗಳನ್ನು ಓರೆ ಅಂಚಿನ ಮೇಲೆ ಇಳಿಸಿ ಹಿಂದಕ್ಕೆ ಮಡಚಬೇಕು ಅಂತ ತೋರುತ್ತದೆ. ಮಾಡಿ ನೋಡಿದರೆ ಪ್ರತಿ ಮೂಲೆಯಲ್ಲೂ ಒಂದು ಬೋಳು ತ್ರಿಕೋನ ಉಳಿಯುತ್ತದೆ. ಕೈ ಸೋತದ್ದಲ್ಲ, ಲೆಕ್ಕವೇ ಹಾಗಿದೆ. ಇಳಿಜಾರಿನ ಉದ್ದ ಬೋರ್ಡಿನ ದಪ್ಪಕ್ಕಿಂತ ಜಾಸ್ತಿ. 6 ಮಿ.ಮೀ. ದಪ್ಪಕ್ಕೆ ಇಳಿಜಾರು 8.5 ಮಿ.ಮೀ. ಅಷ್ಟು ದೂರ ಇಳಿಯುವಾಗ ಕತ್ತರಿಸಿದ ಬಟ್ಟೆ ಬದಿಯಿಂದ 8.5 ಮಿ.ಮೀ. ಕಿರಿದಾಗುತ್ತದೆ, ಇಳಿಜಾರು ಕಿರಿದಾಗುವುದು 6 ಮಿ.ಮೀ. ಮಾತ್ರ. ಪ್ರತಿ ಕಿವಿಗೆ ಎರಡೂವರೆ ಮಿ.ಮೀ. ಬಟ್ಟೆ ಸಾಲುವುದಿಲ್ಲ, ಒಂದು ಮೂಲೆಗೆ ಎರಡು ಕಿವಿ. ತೆಳು ಬೋರ್ಡಿನಲ್ಲಿ ಈ ಕೊರತೆ ಅರ್ಧ ಮಿ.ಮೀ. ಇರುತ್ತದೆ, ಯಾರಿಗೂ ಕಾಣುವುದಿಲ್ಲ.

ಪರಿಹಾರ ಸರಳ. ದೊಡ್ಡ ಬಟ್ಟೆ ಹಾಸುವ ಮೊದಲೇ ಅದೇ ಬಟ್ಟೆಯ ಎರಡಿಂಚಿನ ಚೂರುಗಳನ್ನು ನಾಲ್ಕೂ ಒಳಮೂಲೆಗೆ ಒತ್ತಿ ಅಂಟಿಸಿ, ಬೆರಳುಗುರಿನಿಂದ ಗೆರೆ ಕೂರಿಸಿ, ಒಣಗಲು ಬಿಡುವುದು. ಆಮೇಲೆ ದೊಡ್ಡ ಬಟ್ಟೆ. ಬಿರುಕು ಬಿಟ್ಟಲ್ಲಿ ಕೆಳಗಿನ ಚೂರು ಕಾಣುತ್ತದೆ, ಬಣ್ಣ ಒಂದೇ ಆದ್ದರಿಂದ ಗೊತ್ತಾಗುವುದಿಲ್ಲ. ಅಂಟನ್ನು ಬಟ್ಟೆಗೆ ಸವರಬೇಡಿ, ಹಲಗೆಗೆ ರೋಲರಿನಿಂದ ತೆಳ್ಳಗೆ ಸವರಿ. ಬಟ್ಟೆಗೆ ಸವರಿದರೆ ಫೆವಿಕಾಲ್ ನೇಯ್ಗೆಯಿಂದ ಹೊರಗೆ ಬಂದು ಕಲೆ ನಿಲ್ಲುತ್ತದೆ.

ಚಿತ್ರಕ್ಕೆ ಎಂಡಿಎಫ್ ತಾಗಬಾರದು

ಎಂಡಿಎಫ್ ಆಗಲಿ, ಅಗ್ಗದ ಮೌಂಟ್ ಬೋರ್ಡ್ ಆಗಲಿ, ಮರದ ತಿರುಳಿನಿಂದ ಆದದ್ದು. ಅದರಲ್ಲಿ ಆಮ್ಲವಿದೆ. ಹಳೇ ಫೋಟೋಗಳ ಸುತ್ತ ಕಂದು ಗೆರೆ ಬಿದ್ದಿರುವುದನ್ನು ನೋಡಿದ್ದೀರಲ್ಲ? ಅಗ್ಗದ ಬೋರ್ಡಿನ ಅಂಚು ತಾಗಿ ಕಾಗದ ಸುಟ್ಟ ಗುರುತು ಅದು.

ಅದಕ್ಕೆ ಎಂಡಿಎಫ್ ಮೌಂಟಿನ ಹಿಂದೆ ಒಂದು ತೆಳು ಮೌಂಟ್ ಸೇರಿಸುವುದು ಒಳ್ಳೆಯದು. ಆಮ್ಲವಿಲ್ಲದ, ಹತ್ತಿಯಿಂದ ಮಾಡಿದ 4 ಪ್ಲೈ ಬೋರ್ಡ್. ಅದರ ಕಿಂಡಿ ಪ್ರತಿ ಬದಿಗೆ ಎರಡು-ಮೂರು ಮಿ.ಮೀ. ಚಿಕ್ಕದಿರಲಿ. ಚಿತ್ರಕ್ಕೆ ತಾಗುವುದು ಈ ಒಳ್ಳೆಯ ಬೋರ್ಡ್ ಮಾತ್ರ. ಮುಂದಿನಿಂದ ದಪ್ಪ ಇಳಿಜಾರಿನ ಕೆಳಗೆ ಒಂದು ಸಣ್ಣ ಬಿಳಿ ಗೆರೆ ಕಾಣುತ್ತದೆ, ಅದೂ ಚೆಂದವೇ. ಇದು ದೊಡ್ಡ ಹಾಳೆಯೇ ಆಗಬೇಕಿಲ್ಲ. 32×40ರ ಹಾಳೆಯಿಂದ ಕತ್ತರಿಸಿದ ನಾಲ್ಕು ಪಟ್ಟಿಗಳನ್ನು ಎಂಡಿಎಫ್‌ನ ಹಿಂದೆ ಅಂಟಿಸಿದರೂ ನಡೆಯುತ್ತದೆ. ಎಂಡಿಎಫ್‌ನ ಹಿಂಬದಿಗೆ ಮತ್ತು ಎಲ್ಲ ಅಂಚುಗಳಿಗೆ ಎರಡು ಕೋಟ್ ಸೀಲರ್ ಹೊಡೆಯಿರಿ. ತೇವ ಹೀರಿ ಊದುವುದು ಮೊದಲು ಅಂಚಿನಿಂದಲೇ. ಪೇಂಟ್, ಸೀಲರ್ ವಾಸನೆ ಪೂರ್ತಿ ಹೋಗುವ ತನಕ ಕಟ್ಟು ಮುಚ್ಚಬೇಡಿ.

ಚಿತ್ರವನ್ನು ಹಿಂದಿನ ಬೋರ್ಡಿಗೆ ಪೂರ್ತಿ ಅಂಟಿಸುವುದು, ಸೆಲೋಟೇಪ್ ಹಾಕುವುದು ಎರಡೂ ಬೇಡ. ಮೇಲಂಚಿನಲ್ಲಿ ಮಾತ್ರ ತೆಳು ಜಪಾನಿ ಕಾಗದದ ಕೀಲುಗಳಿಂದ ತೂಗುಹಾಕಬೇಕು. ಆಗ ಕಾಗದ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ, ತನ್ನಷ್ಟಕ್ಕೆ ಇರುತ್ತದೆ. ಅಂಟಿಗೆ ಗೋಧಿ ಪಿಷ್ಟ ಬಳಸುತ್ತಾರೆ. ಮೈದಾ ಗಂಜಿ ಅದಲ್ಲ. ಮೈದಾದಲ್ಲಿ ಪಿಷ್ಟದ ಜೊತೆ ಜಿಗುಟೂ ಇರುತ್ತದೆ, ಹುಳ ಬರುತ್ತದೆ.

ಗಾಜೋ, ಅಕ್ರಿಲಿಕ್ಕೋ? ತೂಕದ ಮಾತು

3 ಮಿ.ಮೀ. ಗಾಜು ಚದರ ಮೀಟರಿಗೆ 7.5 ಕೆ.ಜಿ. ತೂಗುತ್ತದೆ. ನಮ್ಮ ಉದಾಹರಣೆಯ ಅಳತೆಗೆ ಬರೀ ಗಾಜೇ ಒಂಬತ್ತೂವರೆ ಕೆ.ಜಿ. ದಾಟುತ್ತದೆ. ಅಷ್ಟೇ ದಪ್ಪದ ಅಕ್ರಿಲಿಕ್ (ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆ) ಆದರೆ ನಾಲ್ಕೂವರೆ ಕೆ.ಜಿ. ಆಸುಪಾಸು. ಎಂಡಿಎಫ್ ಮೌಂಟ್ ಸುಮಾರು ಎರಡೂವರೆ. ಕಟ್ಟು, ಹಿಂದಿನ ಹಲಗೆ ಸೇರಿದರೆ ಒಬ್ಬರು ಎತ್ತಿ ಗೋಡೆಗೆ ಹಾಕುವ ಕೆಲಸ ಅಲ್ಲ.

ಫೋಟೋ, ಪ್ರಿಂಟ್‌ಗಳಿಗೆ ಅಕ್ರಿಲಿಕ್ ಒಳ್ಳೆಯದು. ಆದರೆ ಒರೆಸಿದಾಗ ಅದು ಸಣ್ಣ ಧೂಳನ್ನು ಸೆಳೆದುಕೊಳ್ಳುತ್ತದೆ. ಕೆಮ್ಮಣ್ಣಿನ ಹಸೆ, ಇದ್ದಿಲಿನ ಚಿತ್ರ, ಚಾಕ್‌ನ ಚಿತ್ರಗಳಲ್ಲಿ ಬಣ್ಣವೇ ಪುಡಿ. ಅಂಥವಕ್ಕೆ ಭಾರವಾದರೂ ಗಾಜೇ ಸರಿ. ಅಕ್ರಿಲಿಕ್ ಸೆಖೆಗೆ ಹಿಗ್ಗುತ್ತದೆ, ಆದ್ದರಿಂದ ಕಟ್ಟಿನ ಒಳಗೆ ಉದ್ದಕ್ಕೂ ಅಗಲಕ್ಕೂ ಮೂರು ಮಿ.ಮೀ. ಸಡಿಲ ಬಿಡಬೇಕು.

ಅಂಗಡಿಯಲ್ಲಿ ಕಟ್ಟಿನ ಪಟ್ಟಿ ಆರಿಸುವಾಗ ಮುಖದ ಡಿಸೈನ್ ಒಂದನ್ನೇ ನೋಡಬೇಡಿ, ತಿರುಗಿಸಿ ಹಿಂಬದಿ ನೋಡಿ. ಗಾಜು ಕೂರುವ ತಗ್ಗಿನ ಆಳ ಎಷ್ಟು? ಗಾಜು 3, ದಪ್ಪ ಮೌಂಟ್ 6, ತೆಳು ಮೌಂಟ್ 1.5, ಚಿತ್ರದ ಹಿಂದಿನ ಬೋರ್ಡ್ 1.5, ಹಿಂದಿನ ಹಲಗೆ 3. ಒಟ್ಟು 15 ಮಿ.ಮೀ. ತಗ್ಗು ಅಷ್ಟಿಲ್ಲದಿದ್ದರೆ ಹಿಂದಿನಿಂದ ಇನ್ನೊಂದು ರೀಪು ಹೊಡೆದು ಆಳ ಮಾಡಿಸಬೇಕು. ಇದನ್ನು ಆರ್ಡರ್ ಕೊಡುವಾಗಲೇ ಹೇಳಿ, ಆಮೇಲೆ ಹೇಳಿದರೆ ಮೊಳೆ ಹೊರಗೆ ಬರುವ ಹಾಗೆ ಒತ್ತಿ ತುರುಕುತ್ತಾರೆ.

ಯಾವಾಗ ಮಾಡಿಸಬೇಕು, ಎಲ್ಲಿ ತೂಗಬೇಕು

ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮಾಡಿಸಿ. ಆಷಾಢದ ಮಳೆಯಲ್ಲಿ ಕಟ್ಟು ಮುಚ್ಚಿದರೆ ಕಾಗದ, ಬಟ್ಟೆ, ಎಂಡಿಎಫ್ ಎಲ್ಲದರಲ್ಲಿ ಇದ್ದ ತೇವವನ್ನೂ ಒಳಗೇ ಮುಚ್ಚಿದಂತೆ. ಬೇಸಿಗೆ ಬಂದಾಗ ಅದು ಗಾಜಿನ ಒಳಮೈಗೆ ಹನಿಗಟ್ಟುತ್ತದೆ.

ಕಾರವಾರ, ಅಂಕೋಲಾ, ಗೋಕರ್ಣದ ಕಡೆಯವರಿಗೆ ಉಪ್ಪುಗಾಳಿಯ ಕಾಟ ಬೇರೆ. ಮಾಮೂಲಿ ಕಬ್ಬಿಣದ ಕೊಕ್ಕೆ, ತಂತಿ ಬಹಳ ಕಾಲ ಬಾಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಕ್ರೂ, ಕೊಕ್ಕೆ ಹಾಕಿಸಿ. ನಡುವೆ ಒಂದೇ ಮೊಳೆಗೆ ತೂಗುಹಾಕದೆ, ಎರಡು ಕಡೆ ಕೊಕ್ಕೆ ಕೊಟ್ಟು ಗೋಡೆಗೆ ಎರಡು ಆಂಕರ್ ಸ್ಕ್ರೂ ಹೊಡೆಸಿ. ಚಿರೆಕಲ್ಲಿನ ಗೋಡೆಯಲ್ಲಿ ಗಾರೆ ಸಂದಿಗೆ ಸ್ಕ್ರೂ ಬಿದ್ದರೆ ಹಿಡಿಯುವುದಿಲ್ಲ, ಕಲ್ಲಿಗೇ ಬೀಳಬೇಕು.

ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿರಡೆ ಅಂಟಿಸಿ, ಗೋಡೆಯಿಂದ ಒಂದು ಬೆರಳು ದೂರ ನಿಲ್ಲಲಿ. ಗಾಳಿ ಓಡಾಡುತ್ತದೆ, ಒರಲೆ ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಮಳೆ ಬಡಿಯುವುದು ಪಡುವಣದಿಂದ ಮತ್ತು ತೆಂಕಣದಿಂದ. ಆ ಎರಡು ಹೊರಗೋಡೆಗಳನ್ನು ಬಿಟ್ಟು, ಮನೆಯೊಳಗಿನ ಅಡ್ಡಗೋಡೆಯನ್ನೇ ದೊಡ್ಡ ಚಿತ್ರಕ್ಕೆ ಆರಿಸಿ.